ಬೆಟ್ಟದ ತುದಿಯಲ್ಲಿ ಕನ್ನಡಿ ಹಿಡಿದವರು

ಹಳೆಯ ಕ್ಷೌರದಂಗಡಿಗಳಲ್ಲಿ ಕನ್ನಡಿಯ ಹಿಂದೆ ಮಡಿಸಿದ ರಟ್ಟಿನ ತುಂಡೊಂದು ಇರುತ್ತದೆ. ಕುರ್ಚಿಯಲ್ಲಿ ಕುಳಿತವನ ಮುಖ ಸರಿಯಾಗಿ ಕಾಣಲೆಂದು ಕನ್ನಡಿಯನ್ನು ಕೊಂಚ ಮುಂದಕ್ಕೆ ಬಾಗಿಸಲು ಮಾಡಿದ ಉಪಾಯ ಅದು. ರಟ್ಟು ಜಾರಿದರೆ ಗಿರಾಕಿಗೆ ತನ್ನ ಮುಖದ ಬದಲು ಸೂರಿನ ಹೆಂಚು ಕಾಣುತ್ತದೆ. ಕನ್ನಡಿ ಎಷ್ಟು ಒಳ್ಳೆಯದು ಎಂಬುದಕ್ಕಿಂತ ಅದನ್ನು ಹಿಡಿದಿರುವುದು ಯಾವುದು ಎಂಬ ಪ್ರಶ್ನೆ ಎಷ್ಟೋ ಸಲ ದೊಡ್ಡದಾಗುತ್ತದೆ. ಎರಡು ಶತಮಾನಗಳ ಹಿಂದೆ ದಕ್ಷಿಣ ಭಾರತದ ನೆಲವನ್ನು ಅಳೆಯಲು ಹೊರಟವರಿಗೂ, ಇಂದು ಬೆಂಗಳೂರಿನ ಬಳಿ ದೂರದರ್ಶಕದ ಕನ್ನಡಿ ನಯಗೊಳಿಸುತ್ತಿರುವವರಿಗೂ ಎದುರಾದದ್ದು ಇದೇ ರಟ್ಟಿನ ತುಂಡಿನ ಸಮಸ್ಯೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಬೆಟ್ಟಗಳು ಈ ಕಥೆಗೆ ಹೊರಗಿನವಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಈ ಮೂರು ಊರುಗಳ ಸೀಮೆ ಎರಡು ಪಾಲಾಯಿತು. ಹನೂರೂ ಸೇರಿದಂತೆ ಕೊಳ್ಳೇಗಾಲ ಕಂಪನಿಯ ವಶಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಅಕ್ಕಪಕ್ಕದ ಊರುಗಳ ನಡುವೆ ಎಳೆದ ಈ ಗೆರೆ ಅಳಿದದ್ದು 1956ರ ನವೆಂಬರ್ 1ರಂದು, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ. ಒಂದೂವರೆ ಶತಮಾನಕ್ಕೂ ಮಿಕ್ಕಿ ಒಂದೇ ಮಾತು, ಒಂದೇ ಜಾತ್ರೆಯ ಜನ ಎರಡು ಸರ್ಕಾರಗಳಿಗೆ ಕಂದಾಯ ಕಟ್ಟಿದರು. ಗೆರೆ ಎಳೆಯುವವರಿಗೆ ನಕ್ಷೆ ಬೇಕು. ನಕ್ಷೆಗೆ ಅಳತೆ ಬೇಕು.

ಯುದ್ಧ ಮುಗಿದ ಬೆನ್ನಿಗೇ ಇಬ್ಬರು ಸೇನಾಧಿಕಾರಿಗಳು ಅಳತೆಗೆ ಇಳಿದರು. ಕಾಲಿನ್ ಮೆಕೆಂಜಿಯ ಹೆಸರು ಕೈಫಿಯತ್ತುಗಳ ಮೂಲಕ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆತ ಮೈಸೂರಿನ ಊರು, ಕೆರೆ, ಗಡಿಗಳ ವಿವರ ಕಲೆಹಾಕಿದ. ವಿಲಿಯಂ ಲ್ಯಾಂಬ್ಟನ್ ಹಿಡಿದ ದಾರಿ ಬೇರೆ. ಅವನಿಗೆ ಊರುಗಳಿಗಿಂತ ಬೆಟ್ಟಗಳ ತುದಿ ಮುಖ್ಯ. ನೆಲದ ಮೇಲೆ ಏಳೆಂಟು ಮೈಲಿ ಉದ್ದದ ಒಂದು ಗೆರೆಯನ್ನು ಸರಪಳಿ ಹಿಡಿದು ಅತ್ಯಂತ ಜಾಗರೂಕತೆಯಿಂದ ಅಳೆಯುವುದು, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕೋನ ಹಿಡಿಯುವುದು, ಆ ತ್ರಿಕೋನದ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಜಿಗಿಯುತ್ತಾ ಹೋಗುವ ವಿಧಾನವೇ ತ್ರಿಕೋನಮಿತೀಯ ಸರ್ವೆ. 1802ರಲ್ಲಿ ಮದರಾಸಿನಲ್ಲಿ ಶುರುವಾದ ಕೆಲಸ ಬೇಗನೆ ಮೈಸೂರು ಸೀಮೆಗೆ ಬಂತು. 1804ರಲ್ಲಿ ಬೆಂಗಳೂರಿನ ಬಳಿ ತಳರೇಖೆ ಅಳೆದವನು ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರೆನ್. ಕೋಲಾರದ ಚಿನ್ನದ ಸುದ್ದಿ ಹಿಡಿದು 1802ರಲ್ಲಿ ಅಲ್ಲಿಗೆ ಹೋಗಿ ಮಣ್ಣು ತೊಳೆಸಿ ನೋಡಿದ ವಾರೆನ್ ಇವನೇ.

ಬೆಂಗಳೂರಿನಿಂದ ಸರ್ವೆಯ ಬೆನ್ನೆಲುಬಿನಂಥ ಸಾಲೊಂದು ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡೆ ಇಳಿಯಿತು. ಮುಂದೆ ಅದೇ ಸಾಲು ಉತ್ತರಕ್ಕೆ ಬೆಳೆದು ಹಿಮಾಲಯದ ಬುಡ ಮುಟ್ಟಿ ಮಹಾ ಕಂಸ ಎನಿಸಿಕೊಂಡಿತು. ಭೂಪಟದ ಮೇಲೆ ಬೆಂಗಳೂರಿನಿಂದ ನೇರ ಕೆಳಕ್ಕೆ ಒಂದು ಅಳತೆಪಟ್ಟಿ ಇಟ್ಟು ನೋಡಿ. ಅದು ಹಾಯುವುದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಮೇಲೆಯೇ. ಬೆಂಗಳೂರು ಮತ್ತು ಕೊಯಮತ್ತೂರು ಬಯಲಿನ ನಡುವೆ ಕಾವೇರಿ ಕೊರೆದುಕೊಂಡ ಕಣಿವೆ, ಅದರ ಆಚೀಚೆ ಮಲೆಸಾಲು, ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟಗಳು. ತ್ರಿಕೋನದ ಸರಪಳಿ ದಕ್ಷಿಣಕ್ಕೆ ಹೋಗಬೇಕಾದರೆ ಈ ದಾರಿಯಲ್ಲೇ ಹೋಗಬೇಕು.

ಲ್ಯಾಂಬ್ಟನ್ ಬಳಸಿದ ದೊಡ್ಡ ಥಿಯೋಡೊಲೈಟಿನ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ಲಂಡನ್ನಿನ ಕ್ಯಾರಿ ತಯಾರಿಸಿದ, ಅರ್ಧ ಟನ್ ತೂಗುವ ಆ ಉಪಕರಣ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ ಬಂತು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ವಾರಗಟ್ಟಲೆ ಬಾಗಿಲು ಹಾಕಿಕೊಂಡು ತಾನೇ ಅದನ್ನು ರಿಪೇರಿ ಮಾಡಿದ. ಇದೆಲ್ಲ ನೋಡುವವನ ಕಡೆಯ ಕಥೆ. ಎದುರಿನ ಬೆಟ್ಟದಲ್ಲಿ ನೋಡಿಸಿಕೊಳ್ಳುವವನ ಕಡೆ ಏನಿತ್ತು ಎಂಬುದನ್ನು ಹೇಳಿದವರು ಕಡಿಮೆ.

ಎಂಥ ಥಿಯೋಡೊಲೈಟ್ ಇದ್ದರೂ ಗುರಿ ಇಡಲು ಒಂದು ಬಿಂದು ಬೇಕು. ಮೂವತ್ತು ಮೈಲಿ ಆಚೆಯ ಬೆಟ್ಟದ ನೆತ್ತಿಯಲ್ಲಿ ಬಾವುಟ ನೆಟ್ಟರೆ ಬಿಸಿಲ ಝಳದಲ್ಲಿ, ಮಬ್ಬಿನಲ್ಲಿ ಅದು ಕಾಣುವುದಿಲ್ಲ. ಲ್ಯಾಂಬ್ಟನ್ನನ ಕಾಲದಲ್ಲಿ ಬಾವುಟ ಮತ್ತು ರಾತ್ರಿ ಉರಿಸುವ ನೀಲಿ ಬಿರುಸು, ಇವೇ ಗತಿ. ಇದಕ್ಕೆ ಪರಿಹಾರ ಹುಟ್ಟಿದ್ದು ಜರ್ಮನಿಯಲ್ಲಿ. ಗಣಿತಜ್ಞ ಗೌಸ್ ಹ್ಯಾನೋವರ್ ಸೀಮೆಯ ಸರ್ವೆ ಮಾಡುತ್ತಿದ್ದಾಗ ಬಹು ದೂರದ ಹ್ಯಾಂಬರ್ಗ್ ಚರ್ಚಿನ ಗೋಪುರದ ಕಿಟಕಿಗಾಜು ಸೂರ್ಯನ ಬೆಳಕಿಗೆ ಫಳಕ್ಕನೆ ಹೊಳೆದದ್ದನ್ನು ಕಂಡನಂತೆ. ಅಷ್ಟು ದೂರದ ಗಾಜಿನ ಚೂರು ಕಾಣುವುದಾದರೆ ಬೇಕೆಂದೇ ಒಂದು ಕನ್ನಡಿಯನ್ನು ಏಕೆ ಇಡಬಾರದು? 1821ರಲ್ಲಿ ಅವನು ಹೀಲಿಯೋಟ್ರೋಪ್ ಎಂಬ ಉಪಕರಣ ಮಾಡಿದ. ಯೂರೋ ಬರುವ ಮುನ್ನ ಜರ್ಮನಿಯಲ್ಲಿದ್ದ 10 ಮಾರ್ಕಿನ ನೋಟಿನ ಒಂದು ಬದಿಗೆ ಗೌಸ್‌ನ ಚಿತ್ರ, ಇನ್ನೊಂದು ಬದಿಗೆ ಅವನು ಹೀಲಿಯೋಟ್ರೋಪಾಗಿ ಬಳಸಿದ ಸೆಕ್ಸ್‌ಟಂಟ್ ಇತ್ತು. ಕನ್ನಡಿಯ ಚೌಕಟ್ಟೊಂದು ದೇಶದ ನೋಟಿನ ಮೇಲೆ ಬಂದದ್ದು ಬಹುಶಃ ಅದೊಂದೇ ಸಲ!

1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದ ಜಾರ್ಜ್ ಎವರೆಸ್ಟ್ 1825ರಲ್ಲಿ ಇಂಗ್ಲೆಂಡಿಗೆ ಹೋಗಿ 1830ರಲ್ಲಿ ಮರಳುವಾಗ ಹೊಸ ಸಲಕರಣೆಗಳ ಜೊತೆ ಹೀಲಿಯೋಟ್ರೋಪುಗಳನ್ನೂ ತಂದ. ಅಲ್ಲಿಂದ ಮುಂದೆ ಅದು ಸರ್ವೆಯ ಮಾಮೂಲು ಸಾಮಾನಾಯಿತು. ಲ್ಯಾಂಬ್ಟನ್ ಅಳೆದಿದ್ದ ದಕ್ಷಿಣದ ಭಾಗವನ್ನು 1860 ಮತ್ತು 70ರ ದಶಕಗಳಲ್ಲಿ ಹೊಸದಾಗಿ ಅಳೆದರು. 1868ರಲ್ಲಿ ಬೆಂಗಳೂರಿನಲ್ಲಿ ಮತ್ತೆ ತಳರೇಖೆ ಹಾಕಿದರು. ಆ ಕಾಲದ ವೀಕ್ಷಣಾ ಕಟ್ಟಡವೊಂದು ಬೆಂಗಳೂರಿನ ಕಣ್ಣೂರಿನಲ್ಲಿ ಉಳಿದಿತ್ತು. 2024ರಲ್ಲಿ ಅದು ನೆಲಸಮವಾಯಿತು. ಆ ಮಹಾ ಸರ್ವೆಯ ಒಂದು ಕೊಂಡಿ ಅದೆಂದು ಗೊತ್ತಿದ್ದರೆ ಯಾರಾದರೂ ಕೈ ಅಡ್ಡ ಹಿಡಿಯುತ್ತಿದ್ದರೇನೋ.

ಈಗ ಲೆಕ್ಕಕ್ಕಾಗಿ ಒಂದು ಚಿತ್ರ ಕಲ್ಪಿಸಿಕೊಳ್ಳೋಣ. ಬಿಳಿಗಿರಿರಂಗನ ಬೆಟ್ಟದ ಮೇಲೆ ಕನ್ನಡಿ ಹಿಡಿದ ಖಲಾಸಿ ಇದ್ದಾನೆ. ನೇರ ಪೂರ್ವಕ್ಕೆ ಮಹದೇಶ್ವರ ಬೆಟ್ಟದ ಸಾಲಿನಲ್ಲಿ ಥಿಯೋಡೊಲೈಟ್ ಇದೆ. ನಡುವೆ ಯಾವ ಗುಡ್ಡವೂ ಅಡ್ಡ ಇಲ್ಲವೆಂದು ಇಟ್ಟುಕೊಳ್ಳಿ. ದೂರ ಹೆಚ್ಚುಕಡಿಮೆ 48 ಕಿಲೋಮೀಟರ್. ಆಕಾಶದಲ್ಲಿ ಸೂರ್ಯನ ಬಿಂಬದ ಅಗಲ ಅರ್ಧ ಡಿಗ್ರಿ. ಆದ್ದರಿಂದ ಕನ್ನಡಿಯಿಂದ ಹೊರಟ ಬೆಳಕೂ ಅರ್ಧ ಡಿಗ್ರಿಯಷ್ಟು ಹರಡುತ್ತಾ ಹೋಗಿ 48 ಕಿಲೋಮೀಟರ್ ಆಚೆ ಸುಮಾರು 450 ಮೀಟರ್ ಅಗಲದ ಒಂದು ಮಚ್ಚೆಯಾಗಿ ಬೀಳುತ್ತದೆ. ನೋಡುವವನು ಆ ಮಚ್ಚೆಯೊಳಗೆ ಇದ್ದರೆ ಅವನಿಗೆ ನಕ್ಷತ್ರದಂಥ ಬಿಂದು ಕಾಣುತ್ತದೆ. ಹೊರಗಿದ್ದರೆ ಏನೂ ಇಲ್ಲ.

ಆದರೆ ಸೂರ್ಯ ನಿಲ್ಲುವವನಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಹಾಗೆಯೇ ಬಿಟ್ಟರೆ ಒಂದೇ ನಿಮಿಷದಲ್ಲಿ ಎದುರಿನ ಬೆಟ್ಟದ ಮೇಲಿನ ಮಚ್ಚೆ ಇನ್ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಅಂದರೆ ಮಚ್ಚೆಯ ನಡುವೆ ಇದ್ದ ಅಧಿಕಾರಿ ಅಂಚಿಗೆ ಬಂದಿರುತ್ತಾನೆ. ಇನ್ನೊಂದು ಅರೆಗಳಿಗೆ ತಡವಾದರೆ ಅವನ ನಕ್ಷತ್ರ ಆರಿಹೋಗುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಕೈ ಮಾಡುವ ತಪ್ಪು ಬೆಳಕಿನಲ್ಲಿ ಇಮ್ಮಡಿಯಾಗುತ್ತದೆ. ಬರಿಗೈಯಲ್ಲಿ ಕನ್ನಡಿ ಹಿಡಿದು ಇದನ್ನು ಮಾಡುವುದು ಅಸಾಧ್ಯ.

ಹೀಗಾಗಿ ಹೀಲಿಯೋಟ್ರೋಪಿನ ಜೀವ ಕನ್ನಡಿಯಲ್ಲಿಲ್ಲ, ಅದನ್ನು ಹೊತ್ತ ಹಿತ್ತಾಳೆಯ ಕಟ್ಟಿನಲ್ಲಿದೆ. ಭಾರತದಲ್ಲಿ ಬಳಕೆಗೆ ಬಂದದ್ದು ಸರಳ ರೂಪ. ದುಂಡು ಕನ್ನಡಿಯನ್ನು ಕವೆಯಂಥ ಎರಡು ತೋಳುಗಳ ನಡುವೆ ತೂಗುಹಾಕಿದರೆ ಅದು ಮೇಲೆ ಕೆಳಗೆ ಬಾಗುತ್ತದೆ. ಆ ಕವೆಯನ್ನೇ ಒಂದು ಗೂಟದ ಮೇಲೆ ನಿಲ್ಲಿಸಿದರೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಕನ್ನಡಿಯ ನಡುಮಧ್ಯೆ ಕಾಸಿನಷ್ಟೂ ಇಲ್ಲದ ಒಂದು ಜಾಗದಲ್ಲಿ ಪಾದರಸದ ಲೇಪ ಕೆರೆದಿರುತ್ತಾರೆ. ಮುಂದೆ ಸ್ವಲ್ಪ ದೂರದಲ್ಲಿ ಅಡ್ಡ ಉದ್ದ ತಂತಿ ಕಟ್ಟಿದ ಬಳೆ. ಖಲಾಸಿ ಕನ್ನಡಿಯ ತೂತಿನಿಂದ ಇಣುಕಿ ಬಳೆಯ ತಂತಿಗಳು ಕೂಡುವ ಜಾಗವನ್ನು ಎದುರು ಬೆಟ್ಟಕ್ಕೆ ಒಮ್ಮೆ ಹೊಂದಿಸಿದರೆ ಆಯಿತು. ಆಮೇಲೆ ಅವನು ಬೆಟ್ಟ ನೋಡಬೇಕಿಲ್ಲ. ಕನ್ನಡಿಯ ತೂತಿನಿಂದ ಬೀಳುವ ಕಪ್ಪು ನೆರಳಿನ ಚುಕ್ಕಿ ಬಳೆಯ ನಡುವೆಯೇ ಇರುವಂತೆ ನೋಡಿಕೊಂಡರೆ ಸಾಕು. ಚುಕ್ಕಿ ಜಾರಿದಂತೆ ತಿರುಪು ತಿರುಗಿಸುತ್ತಾ ಇರಬೇಕು.

ಎಷ್ಟು ತಿರುಗಿಸಬೇಕು? ತಿರುಪು ಒತ್ತುವ ಜಾಗ ಕನ್ನಡಿಯ ಅಚ್ಚಿನಿಂದ 5 ಸೆಂಟಿಮೀಟರ್ ದೂರ ಇದೆ, ತಿರುಪು ಒಂದು ಸುತ್ತಿಗೆ 1 ಮಿಲಿಮೀಟರ್ ಮುಂದೆ ಹೋಗುತ್ತದೆ ಎಂದುಕೊಳ್ಳಿ. ಒಂದು ನಿಮಿಷದ ಸೂರ್ಯನ ಓಟ ಸರಿಪಡಿಸಲು ಒಂದು ಸುತ್ತಿನ ಒಂಬತ್ತನೇ ಒಂದು ಪಾಲು ಸಾಕು. ಹೆಬ್ಬೆರಳು ತೋರುಬೆರಳಿನ ನಡುವೆ ಸಲೀಸಾಗಿ ಆಗುವ ಕೆಲಸ. ಅದೇ ಉಪಕರಣವನ್ನು ಜೇಬಿಗೆ ಹಿಡಿಯುವಷ್ಟು ಚಿಕ್ಕದು ಮಾಡಬೇಕೆಂದು ಆ ದೂರವನ್ನು 1 ಸೆಂಟಿಮೀಟರಿಗೆ ಇಳಿಸಿದರೆ? ಆಗ ಸುತ್ತಿನ ನಲವತ್ತೈದನೇ ಒಂದು ಪಾಲು ತಿರುಗಿಸಬೇಕು. ಮನುಷ್ಯನ ಬೆರಳಿಗೆ ಅದು ಕಷ್ಟ. ಉಪಕರಣ ಚಿಕ್ಕದಾದಷ್ಟೂ ತಿರುಪಿನ ಸುತ್ತುಗಳು ನವಿರಾಗಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ಇಂದು ಪ್ರಯೋಗಾಲಯಗಳಲ್ಲಿ ಲೇಸರ್ ಕಿರಣ ತಿರುಗಿಸುವ ಅಂಗೈಯಷ್ಟು ಅಗಲದ ಕನ್ನಡಿ ಕಟ್ಟುಗಳಲ್ಲಿ ಸುತ್ತಿಗೆ ಕಾಲು ಮಿಲಿಮೀಟರ್ ಮಾತ್ರ ಸಾಗುವ ತಿರುಪುಗಳಿರುವುದು ಇದಕ್ಕೇ.

ಎರಡನೇ ಪಾಠ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು. ಹೊಲದಲ್ಲಿ ಒಲೆ ಹೂಡುವಾಗ ಮೂರೇ ಗುಂಡು ಇಡುತ್ತಾರೆ. ನೆಲ ಎಷ್ಟೇ ಉಬ್ಬುತಗ್ಗಾಗಿರಲಿ ಮೂರು ಗುಂಡಿನ ಮೇಲೆ ಮಡಕೆ ಕುಲುಕುವುದಿಲ್ಲ. ನಾಲ್ಕನೆಯದನ್ನು ಇಟ್ಟಿರೋ, ಯಾವುದಾದರೂ ಒಂದು ಸುಳ್ಳಾಗುತ್ತದೆ. ಕನ್ನಡಿಯನ್ನು ಹೊತ್ತ ತಗಡೂ ಹೀಗೆಯೇ ಮೂರು ಬಿಂದುಗಳ ಮೇಲೆ ಕೂರಬೇಕು. ಅದರಲ್ಲಿ ಒಂದು ಬಿಂದು ಕುಳಿಯಲ್ಲಿ, ಇನ್ನೊಂದು ಗೆರೆಯಂಥ ಗಾಡಿಯಲ್ಲಿ, ಮೂರನೆಯದು ಚಪ್ಪಟೆ ಜಾಗದಲ್ಲಿ. ಕುಳಿ ಜಾರದಂತೆ ಹಿಡಿಯುತ್ತದೆ, ಗಾಡಿ ತಿರುಗದಂತೆ ತಡೆಯುತ್ತದೆ, ಚಪ್ಪಟೆ ಜಾಗ ಎತ್ತರವನ್ನಷ್ಟೇ ನಿರ್ಧರಿಸುತ್ತದೆ. ವಿಜ್ಞಾನಿ ಕೆಲ್ವಿನ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಈ ಏರ್ಪಾಡಿನಲ್ಲಿ ಬೇಕಾದಷ್ಟೇ ಹಿಡಿತ ಇದೆ, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಎರಡು ಬಿಂದುಗಳಲ್ಲಿ ತಿರುಪು ಹಾಕಿ ಎದುರಿಗೆ ಸ್ಪ್ರಿಂಗ್ ಎಳೆದುಕಟ್ಟಿದರೆ ಕನ್ನಡಿಯನ್ನು ಬೇಕಾದ ಕಡೆ ಬಾಗಿಸಬಹುದು.

ಹೆಚ್ಚು ಹಿಡಿತ ಏಕೆ ಕೆಟ್ಟದ್ದು ಎಂದರೆ ಬಿಸಿಲು. ಹಿತ್ತಾಳೆ ಗಾಜಿಗಿಂತ ಎರಡು ಪಟ್ಟಿನಷ್ಟು ಹಿಗ್ಗುತ್ತದೆ. 10 ಸೆಂಟಿಮೀಟರ್ ಕನ್ನಡಿಯನ್ನು ಹಿತ್ತಾಳೆಯಲ್ಲಿ ಬಿಗಿದು ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 20 ಡಿಗ್ರಿ ಏರಿಸಿದರೆ ಎರಡರ ನಡುವೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ವ್ಯತ್ಯಾಸ ಬರುತ್ತದೆ. ಕಣ್ಣಿಗೆ ಕಾಣದ ಈ ದೂರ ಬೆಳಕಿನ ಲೋಕದಲ್ಲಿ ಬಲು ದೊಡ್ಡದು. ಬೆಳಕಿನ ನಲವತ್ತು ಅಲೆಗಳು ಅದರಲ್ಲಿ ಹಿಡಿಯುತ್ತವೆ. ಬಿಗಿದು ಕಟ್ಟಿದ ಗಾಜು ಎಲ್ಲೋ ಒಂದು ಕಡೆ ಬಾಗಲೇಬೇಕು. ಕುಶಲ ಕೆಲಸಗಾರ ಗಾಜನ್ನು ಬೀಳದಷ್ಟು ಮಾತ್ರ ಹಿಡಿಯುತ್ತಾನೆ.

ಇಂಥ ಕುಶಲಿಗಳು ಎಲ್ಲರೂ ಲಂಡನ್ನಿನವರಾಗಿರಲಿಲ್ಲ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಮದರಾಸಿನ ಆಭರಣ ವ್ಯಾಪಾರಿಯೊಬ್ಬರ ಬಳಿ ಇದ್ದವರು. ಅವರ ಕೈಚಳಕ ಕಂಡು ಕಲ್ಕತ್ತೆಯ ಸರ್ವೆ ಕಾರ್ಯಾಗಾರಕ್ಕೆ ಕರೆಸಿಕೊಂಡರು. ಎವರೆಸ್ಟ್ 1830ರಲ್ಲಿ ಇಂಗ್ಲೆಂಡಿನಿಂದ ಹೆನ್ರಿ ಬ್ಯಾರೋ ಎಂಬ ಉಪಕರಣ ತಯಾರಕನನ್ನು ಕರೆತಂದಿದ್ದ. ಇಬ್ಬರಿಗೂ ಹೊಂದಲಿಲ್ಲ. ಬ್ಯಾರೋ ಹೋದ ಮೇಲೆ 1843ರಲ್ಲಿ ಆ ಹುದ್ದೆ ಮೊಹ್ಸಿನ್ ಹುಸೇನ್ ಅವರಿಗೆ ಬಂತು. ಸದಾ ಎಲ್ಲರ ಮೇಲೂ ಸಿಡುಕುತ್ತಿದ್ದ ಎವರೆಸ್ಟ್ ಮನಸಾರೆ ಹೊಗಳಿದ ಕೆಲವೇ ಜನರಲ್ಲಿ ಇವರೊಬ್ಬರು.

ಖಲಾಸಿಗಳ ಮಾತು ಬೇರೆ. ಅವರ ಹೆಸರುಗಳು ಸರ್ವೆಯ ದಪ್ಪ ದಪ್ಪ ಸಂಪುಟಗಳಲ್ಲಿ ಸಿಗುವುದು ಅಪರೂಪ. ಬೆಟ್ಟದ ತುದಿಯಲ್ಲಿ ಇಬ್ಬರು ಮೂವರು, ಒಂದು ಸಣ್ಣ ಡೇರೆ, ಕೆಳಗಿನ ಊರಿನಿಂದ ಬರಬೇಕಾದ ಅಕ್ಕಿ ರಾಗಿ, ನೀರು ಎಲ್ಲೋ ಕೊರಕಲಿನಲ್ಲಿ. ಎದುರಿನ ಬೆಟ್ಟದಿಂದ 'ಸಾಕು, ಮುಂದಿನ ಬೆಟ್ಟಕ್ಕೆ ನಡೆಯಿರಿ' ಎಂಬ ಸೂಚನೆ ಬರುವವರೆಗೆ ದಿನಗಟ್ಟಲೆ ಅಲ್ಲೇ ಇರಬೇಕು. ಮೋಡ ಕವಿದರೆ ಇನ್ನೂ ತಡ. ಮಳೆ ನಿಂತ ಮೇಲೆ ಗಾಳಿ ತಿಳಿಯಾಗಿ ದೂರದ ಬೆಟ್ಟಗಳು ನಿಚ್ಚಳ ಕಾಣುತ್ತವೆ. ಅಳತೆಗೆ ಅದೇ ಹೇಳಿ ಮಾಡಿಸಿದ ಕಾಲ. ಕಾಡಿನಲ್ಲಿ ಚಳಿಜ್ವರ ಎದ್ದೇಳುವುದೂ ಅದೇ ಕಾಲದಲ್ಲೇ. ಕೊಳ್ಳೇಗಾಲದ ಮಲೆಗಳ ಜ್ವರ ಅಧಿಕಾರಿಗಳ ನಡುವೆ ಕುಖ್ಯಾತವಾಗಿತ್ತು. ಕೃಷ್ಣಾ ಗೋದಾವರಿಗಳ ನಡುವಿನ ಕಾಡಿನಲ್ಲಿ ಎವರೆಸ್ಟನ ಇಡೀ ತಂಡವೇ ಜ್ವರದಿಂದ ಮಲಗಿ ಹಲವರು ಸತ್ತರು. ಅವನೂ ಕಷ್ಟದಿಂದ ಬದುಕಿದ. ಒಂದು ನಿಮಿಷಕ್ಕೆ ತಿರುಪಿನ ಒಂಬತ್ತನೇ ಒಂದು ಪಾಲು ಎಂದು ಮೇಲೆ ಬರೆದದ್ದನ್ನು ಚಳಿಯಿಂದ ನಡುಗುವ ಕೈಗಳ ಜೊತೆ ಸೇರಿಸಿ ಓದಬೇಕು.

ಕನ್ನಡಿಯಷ್ಟೇ ಪ್ರಿಸಂ ಕೂಡ ಈ ಸರ್ವೆಗೆ ಅಂಟಿಕೊಂಡ ವಸ್ತು. ಶಾಲೆಯ ಪಾಠದಲ್ಲಿ ಅಶ್ರಗ ಎಂದು ಓದಿದ ಆ ಮೂರು ಮೂಲೆಯ ಗಾಜಿನ ತುಂಡು. ಲ್ಯಾಂಬ್ಟನ್ನನ ಜೊತೆ ಮೈಸೂರು ಸೀಮೆಯಲ್ಲಿ ತ್ರಿಕೋನ ಹಿಡಿದವರಲ್ಲಿ ಹೆನ್ರಿ ಕೇಟರ್ ಎಂಬ ತರುಣ ಅಧಿಕಾರಿಯಿದ್ದ. ಇಲ್ಲಿಯ ಹವೆಗೆ ಆರೋಗ್ಯ ಕೆಟ್ಟು 1808ರಲ್ಲಿ ಊರಿಗೆ ಮರಳಿದ. ಬಿ.ಎಸ್ಸಿ. ಓದಿದವರು ಪ್ರಯೋಗಾಲಯದಲ್ಲಿ ತೂಗಾಡಿಸಿದ 'ಕೇಟರ್ಸ್ ಪೆಂಡುಲಂ' ಇವನದೇ. ಅದಕ್ಕೆ ಕೆಲವು ವರ್ಷ ಮುಂಚೆ ಅವನು ಇನ್ನೊಂದು ಕೆಲಸ ಮಾಡಿದ್ದ. ದಿಕ್ಸೂಚಿ ಹಿಡಿದು ಗುರಿ ನೋಡುವವನಿಗೆ ಒಂದು ಹಿಂಸೆ ಇತ್ತು: ಗುರಿ ನೋಡಿ, ಆಮೇಲೆ ತಲೆ ಬಗ್ಗಿಸಿ ಡಿಗ್ರಿ ಓದುವಷ್ಟರಲ್ಲಿ ಕೈ ಅಲುಗಿರುತ್ತದೆ. ಕೇಟರ್ ದಿಕ್ಸೂಚಿಯ ಅಂಚಿಗೆ ಒಂದು ಪುಟ್ಟ ಪ್ರಿಸಂ ಕೂರಿಸಿದ. ಕಣ್ಣು ಒಂದೇ ಕಡೆ ಇಟ್ಟು ಮೇಲೆ ಗುರಿ, ಕೆಳಗೆ ಅಂಕಿ, ಎರಡನ್ನೂ ಒಟ್ಟಿಗೆ ನೋಡಬಹುದು. ಪ್ರಿಸಂ ಕೂತ ಪುಟ್ಟ ಗೂಡು ಮೇಲೆ ಕೆಳಗೆ ಜಾರಿ ಅವರವರ ಕಣ್ಣಿಗೆ ಹೊಂದುತ್ತದೆ, ಕೆಲಸ ಮುಗಿದ ಮೇಲೆ ಮಡಚಿ ಜೇಬಿಗೆ ಸೇರುತ್ತದೆ. ಇದರ ಪೇಟೆಂಟನ್ನು 1812ರಲ್ಲಿ ಪಡೆದವನು ಶ್ಮಾಲ್‌ಕಾಲ್ಡರ್ ಎಂಬ ಲಂಡನ್ನಿನ ಉಪಕರಣ ವ್ಯಾಪಾರಿ. ಯಾರು ಮೊದಲು ಎಂಬ ತಕರಾರು ಅಂದಿನಿಂದಲೂ ಇದೆ. ಬೆಟ್ಟ ಹತ್ತಿ ದಣಿದವನಿಗೇ ಈ ಯೋಚನೆ ಮೊದಲು ಹೊಳೆದಿರಬೇಕೆಂದು ನನಗೆ ಅನಿಸುತ್ತದೆ. ಅದೇ ದಿಕ್ಸೂಚಿ ಎನ್‌ಸಿಸಿ ಹುಡುಗರ ಕೈಯಲ್ಲಿ ಈಗಲೂ ಇದೆ.

ಹೀಲಿಯೋಟ್ರೋಪಿಗೆ ಒಂದು ಸನ್ನೆಕೋಲು ಸೇರಿಸಿ ಬೆಳಕನ್ನು ಮಿಟುಕಿಸುವಂತೆ ಮಾಡಿದವನು ಕರಾಚಿಯಲ್ಲಿ ತಂತಿ ಇಲಾಖೆಯಲ್ಲಿದ್ದ ಹೆನ್ರಿ ಮ್ಯಾನ್ಸ್. 1869ರಲ್ಲಿ ಹುಟ್ಟಿದ ಆ ಹೀಲಿಯೋಗ್ರಾಫ್ ಆಫ್ಘನ್ ಯುದ್ಧದಲ್ಲಿ ತಂತಿಯಿಲ್ಲದ ತಂತಿಯಾಯಿತು. ಅದು ಸೈನ್ಯದ ಕಥೆ, ಇಲ್ಲಿಗೆ ಸಾಕು.

ಮೂರು ಗುಂಡಿನ ಒಲೆಯ ಲೆಕ್ಕ ಹಳೆಯದಾಗಿಲ್ಲ ಎನ್ನುವುದಕ್ಕೆ ಹೊಸಕೋಟೆಗೆ ಹೋದರೆ ಸಾಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಲ್ಲಿನ ಆವರಣದಲ್ಲಿ, ಮೂವತ್ತು ಮೀಟರ್ ದೂರದರ್ಶಕವೆಂಬ ಅಂತರರಾಷ್ಟ್ರೀಯ ಯೋಜನೆಗಾಗಿ ಕನ್ನಡಿ ನಯಗೊಳಿಸುವ ಘಟಕ ಕಟ್ಟಿದ್ದಾರೆ. ಆ ದೂರದರ್ಶಕದ ದೊಡ್ಡ ಕನ್ನಡಿ ಒಂದೇ ತುಂಡಲ್ಲ. 492 ಆರುಮೂಲೆಯ ಕನ್ನಡಿಗಳನ್ನು ಜೇನುಗೂಡಿನಂತೆ ಜೋಡಿಸಿ ಮಾಡುವಂಥದ್ದು. ಪ್ರತಿಯೊಂದರ ಬೆನ್ನಿಗೂ ಮೂರು ಚಾಲಕಗಳು, ಒಟ್ಟು 1,476. ಖಲಾಸಿಯ ತಿರುಪಿನ ಕೆಲಸವನ್ನು ಅಲ್ಲಿ ಕಂಪ್ಯೂಟರ್ ಮಾಡುತ್ತದೆ. ಹವಾಯಿಯ ಮೌನಾ ಕೆಯ ಬೆಟ್ಟದಲ್ಲಿ ಅದನ್ನು ನಿಲ್ಲಿಸಹೊರಟಾಗ 2019ರಲ್ಲಿ ಅಲ್ಲಿನ ಮೂಲನಿವಾಸಿಗಳು ದಾರಿಗೆ ಅಡ್ಡ ಕುಳಿತರು. ಅದು ಅವರ ದೇವರ ಬೆಟ್ಟ. ಮಹದೇಶ್ವರನ, ಬಿಳಿಗಿರಿರಂಗನ ಸೀಮೆಯವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೂ ಸರ್ವೆಯ ಕೆಲಸದಿಂದ ತಿರುಪನ್ನೇ ತೆಗೆದುಹಾಕಿದ್ದು ಕಂಪ್ಯೂಟರ್ ಅಲ್ಲ, ಇನ್ನೊಂದು ಬಗೆಯ ಪ್ರಿಸಂ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಕೂಡುತ್ತವಲ್ಲ, ಹಾಗೆ ಮೂರು ಮುಖಗಳು ಲಂಬವಾಗಿ ಕೂಡುವಂತೆ ಗಾಜನ್ನು ಕಡೆದರೆ ಒಂದು ಸೋಜಿಗ ನಡೆಯುತ್ತದೆ. ಯಾವ ಕಡೆಯಿಂದ ಬೆಳಕು ಬಂದರೂ ಮೂರು ಮುಖಕ್ಕೂ ಬಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಪ್ರಿಸಂ ಕೊಂಚ ಓರೆಯಾದರೂ ಬೆಳಕಿನ ದಿಕ್ಕು ತಪ್ಪುವುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್ ನೌಕೆಯ ಮೇಲೆ ಇಂಥ ಎಂಟು ಪ್ರಿಸಂಗಳನ್ನು ಕೂರಿಸಿದ, ಬರೀ 5 ಸೆಂಟಿಮೀಟರ್ ಅಗಲದ ನಾಸಾದ ಅಲ್ಯೂಮಿನಿಯಂ ಗುಮ್ಮಟವೊಂದಿದೆ. ಅದರಲ್ಲಿ ವಿದ್ಯುತ್ತಿಲ್ಲ, ತಿರುಪಿಲ್ಲ, ಹಿಡಿಯಲು ಯಾರೂ ಇಲ್ಲ. ಅದೇ ವರ್ಷ ಡಿಸೆಂಬರ್ 12ರಂದು ಚಂದ್ರನ ಸುತ್ತುತ್ತಿದ್ದ ನಾಸಾದ ನೌಕೆಯಿಂದ ಬಿಟ್ಟ ಲೇಸರ್ ಬೆಳಕು ಆ ಗುಮ್ಮಟಕ್ಕೆ ತಾಗಿ ಮರಳಿತು.

ಅದೇ ಜಾತಿಯ ಪ್ರಿಸಂ ಇಂದು ರಸ್ತೆ ಅಗಲಿಸುವಲ್ಲಿ, ಜಮೀನು ಅಳೆಯುವಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಂಪು ಬಿಳಿ ಪಟ್ಟಿಯ ಕೋಲಿನ ತುದಿಯಲ್ಲಿ ಕಿತ್ತಳೆಯಷ್ಟು ದೊಡ್ಡದೊಂದು ಹೊಳೆಯುವ ಗಾಜು. ಈಚೆ ಮೂರು ಕಾಲಿನ ಮೇಲೆ ನಿಂತ ಯಂತ್ರ ಅದಕ್ಕೆ ಬೆಳಕು ಬಿಟ್ಟು, ಮರಳಿದ್ದನ್ನು ಹಿಡಿದು, ಕಿಲೋಮೀಟರ್ ದೂರವನ್ನು ಕೆಲವೇ ಮಿಲಿಮೀಟರ್ ತಪ್ಪಿನೊಳಗೆ ಹೇಳಿಬಿಡುತ್ತದೆ. ಕೋಲನ್ನು ಹಿಡಿಯಲು ಮಾತ್ರ ಈಗಲೂ ಒಬ್ಬ ಹುಡುಗ ಬೇಕು. ಕೋಲಿನಲ್ಲಿರುವ ಪುಟ್ಟ ಗಾಜಿನ ಬುಡ್ಡಿಯೊಳಗಿನ ಗುಳ್ಳೆ ನಡುವೆಯೇ ಇರುವಂತೆ ಅವನು ನೋಡಿಕೊಳ್ಳಬೇಕು. ಬೆಳಕು ಮರಳುವುದೇನೋ ಮರಳುತ್ತದೆ. ಆದರೆ ಎರಡು ಮೀಟರ್ ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ತುದಿಯ ಗಾಜು ಬುಡದಿಂದ 35 ಮಿಲಿಮೀಟರ್ ಆಚೆ ಹೋಗಿರುತ್ತದೆ, ಯಂತ್ರ ಅಳೆಯುವುದು ಆ ಗಾಜನ್ನೇ.